ಫೈಲು ಯಾರದ್ದೋ, ಸುರಂಗ ನಮ್ಮದು: ಎಕ್ಸ್‌ಪೋರ್ಟ್ ಕನ್ಸಲ್ಟೆನ್ಸಿಯೊಂದಕ್ಕೆ ಮೂರೂವರೆ ಸ್ಟಾರ್

ಮೊದಲೇ ಹೇಳಿಬಿಡುತ್ತೇನೆ, ಕಂಪನಿಯ ಹೆಸರು ಹಾಕುವುದಿಲ್ಲ. ಅವರಿಂದ ನನಗೆ ಒಳ್ಳೆಯದೂ ಆಗಿದೆ, ತಲೆನೋವೂ ಆಗಿದೆ. ಹೆಸರು ಹಾಕಿದರೆ ಜನ ತಲೆನೋವನ್ನು ಮಾತ್ರ ನೆನಪಿಟ್ಟುಕೊಳ್ಳುತ್ತಾರೆ. ಹಲಸು, ಮಾವು, ತರಕಾರಿಯ ತಿಂಡಿ ಮಾಡಿ ಹೊರದೇಶಕ್ಕೆ ಕಳಿಸಬೇಕು ಅಂತ ಇರುವವರು ಇಂಥ ಸೇವೆ ತೆಗೆದುಕೊಳ್ಳುವ ಮೊದಲು ಏನು ನೋಡಬೇಕು, ಯಾವುದಕ್ಕೆ ದುಡ್ಡು ಕೊಡಬೇಕು, ಯಾವುದಕ್ಕೆ ಕೊಡಬಾರದು, ಅಷ್ಟು ಹೇಳುತ್ತೇನೆ.

ನಮ್ಮದು ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದಿಂದ ಒಳಗೆ, ಎಣ್ಮಕಜೆ ಪಂಚಾಯತಿನಲ್ಲಿ ಒಂದು ಸಣ್ಣ ಯೂನಿಟ್. ಹಲಸಿನ ಸೋಂಟೆ (ಚಿಪ್ಸ್), ಹಲಸಿನ ಹಪ್ಪಳ, ಮಾವಿನ ಮಿಡಿ ಉಪ್ಪಿನಕಾಯಿ. ಎಂಟು ಮಂದಿ ಹೆಂಗಸರು ಕೆಲಸಕ್ಕೆ ಬರುತ್ತಾರೆ. ಉಪ್ಪಿನಕಾಯಿ ನನ್ನ ಹೆಂಡತಿಯ ಖಾತೆ, ನನಗೆ ಅದರಲ್ಲಿ ಬಾಯಿ ಹಾಕಲು ಬಿಡುವುದಿಲ್ಲ. ಭಾವ ದೋಹಾದಲ್ಲಿದ್ದಾರೆ. ರಜೆಗೆ ಬಂದಾಗೆಲ್ಲ ಬ್ಯಾಗ್ ತುಂಬ ಸೋಂಟೆ ಹೊತ್ತುಕೊಂಡು ಹೋಗುತ್ತಿದ್ದರು. ಅಲ್ಲಿನ ಅಂಗಡಿಯವರೊಬ್ಬರು ತಿಂದು ನೋಡಿ, ಪೆಟ್ಟಿಗೆ ಲೆಕ್ಕದಲ್ಲಿ ಕಳಿಸುತ್ತೀರಾ ಅಂತ ಕೇಳಿದರು. ಕೂಡಲೇ ಹ್ಞೂಂ ಅಂದುಬಿಟ್ಟೆ. ಬ್ಯಾಗಿನಲ್ಲಿ ಹೋಗುವ ಸೋಂಟೆಗೂ ಪೆಟ್ಟಿಗೆಯಲ್ಲಿ ಹೋಗುವ ಸೋಂಟೆಗೂ ನಡುವೆ ಎಷ್ಟು ಕಾಗದ ಇದೆ ಅಂತ ಆಗ ಗೊತ್ತಿರಲಿಲ್ಲ.

ಕನ್ಸಲ್ಟೆನ್ಸಿಯವರು ಪ್ಯಾಕೇಜ್ ಅಂತ 90,000 ರೂಪಾಯಿ ಹೇಳಿದರು, ಮೂರು ಕಂತು. ಅದರಲ್ಲಿ ಐಇಸಿ, ಕೃಷಿ ಪದಾರ್ಥಗಳ ರಫ್ತು ನೋಡಿಕೊಳ್ಳುವ ಅಪೆಡಾದ ಆರ್‌ಸಿಎಂಸಿ (ನೋಂದಣಿ ಪತ್ರ), ಆಹಾರ ಸುರಕ್ಷತೆಯ ಸರ್ಕಾರಿ ಸಂಸ್ಥೆ ಎಫ್‌ಎಸ್‌ಎಸ್‌ಎಐಯ ಸೆಂಟ್ರಲ್ ಲೈಸೆನ್ಸ್, ತಯಾರಿಯಲ್ಲಿ ಅಪಾಯ ಎಲ್ಲಿ ಬರಬಹುದು, ಹೇಗೆ ತಡೆಯುವುದು ಅಂತ ಬರೆದಿಡುವ ಹ್ಯಾಸಪ್ ಫೈಲು, ಲೇಬಲ್ ಪರಿಶೀಲನೆ, ಆಡಿಟ್ ದಿನ ಜೊತೆಗೆ ಬಂದು ಕೂರುವುದು, ಎಲ್ಲ ಸೇರಿ. ಸರ್ಕಾರದ ಫೀಸು, ಲ್ಯಾಬ್ ಬಿಲ್ಲು ಬೇರೆ.

ಇಲ್ಲೇ ನನ್ನ ಮೊದಲ ತಕರಾರು. ಐಇಸಿ ಅಂದರೆ ಎಕ್ಸ್‌ಪೋರ್ಟ್ ಮಾಡುವವರಿಗೆ ಬೇಕಾದ ಕೋಡ್ ನಂಬರ್. ವಿದೇಶ ವ್ಯಾಪಾರ ನೋಡಿಕೊಳ್ಳುವ ಸರ್ಕಾರಿ ಕಚೇರಿ ಡಿಜಿಎಫ್‌ಟಿಯ ಪೋರ್ಟಲ್‌ನಲ್ಲಿ ಪ್ಯಾನ್ ಇದ್ದರೆ 500 ರೂಪಾಯಿಗೆ ನಾವೇ ಮಾಡಿಕೊಳ್ಳಬಹುದು. ಪ್ಯಾಕೇಜ್ ಒಡೆದು ನೋಡಿದರೆ ಇದೊಂದಕ್ಕೇ ಸರ್ವಿಸ್ ಚಾರ್ಜ್ 4,000 ಹಾಕಿದ್ದರು. ಸೆಂಟ್ರಲ್ ಲೈಸೆನ್ಸ್ ವರ್ಷಕ್ಕೆ 7,500. ಅದನ್ನೂ ಸ್ವಲ್ಪ ತಾಳ್ಮೆ ಇದ್ದರೆ ಮನೆಯಲ್ಲೇ ಕೂತು ತುಂಬಿಸಬಹುದು. ಅಪೆಡಾ ಕೂಡ ಹಾಗೆಯೇ, ಉಪ್ಪಿನಕಾಯಿ ಹಪ್ಪಳ ಅವರ ಪಟ್ಟಿಯಲ್ಲೇ ಇದೆ. ಕಾಲೇಜಿಗೆ ಹೋಗುವ ಮಗನೋ ಮಗಳೋ ಮನೆಯಲ್ಲಿದ್ದರೆ ಈ ಮೂರು ಕೆಲಸಕ್ಕೆ ಯಾರಿಗೂ ಸುಮ್ನೆ ದುಡ್ಡು ಕೊಡಬೇಡಿ.

ಆಮೇಲೆ ಫೈಲು ಬಂತು. 212 ಪುಟ, ಸ್ಪೈರಲ್ ಬೈಂಡ್, ಮುಖಪುಟದಲ್ಲಿ ನಮ್ಮ ಯೂನಿಟ್ ಹೆಸರು ಚಿನ್ನದ ಅಕ್ಷರದಲ್ಲಿ. ನನಗೂ ಹೆಮ್ಮೆ ಆಯಿತು, ಸುಳ್ಳು ಯಾಕೆ ಹೇಳಲಿ. ಮೂರನೇ ಪುಟ ತೆಗೆದರೆ ಅಲ್ಲಿ ಬೇರೊಂದು ಫ್ಯಾಕ್ಟರಿಯ ಹೆಸರು, ಮಾವಿನ ತಿರುಳು ತಯಾರಿಸುವವರದ್ದು. ನಮ್ಮಲ್ಲಿ ಪಾಶ್ಚರೈಸರ್ ಇದೆಯಂತೆ, ದಿನಕ್ಕೆ ಮೂರು ಪಾಳಿಯಂತೆ, ನೀರು ಮುನ್ಸಿಪಾಲಿಟಿಯದ್ದಂತೆ! ನಮ್ಮ ಊರಿಗೆ ಮುನ್ಸಿಪಾಲಿಟಿ ಬರಬೇಕಾದರೆ ನನ್ನ ಮೊಮ್ಮಗನ ಕಾಲ ಬರಬೇಕು. ಅಪಾಯ ತಡೆಯುವ ಮುಖ್ಯ ಹಂತ ಇರುತ್ತದಲ್ಲ, ಸಿಸಿಪಿ ಅನ್ನುತ್ತಾರೆ, ಅಂಥವು ನಮ್ಮಲ್ಲಿ ಹನ್ನೊಂದು ಇವೆ ಅಂತ ಬರೆದಿದ್ದರು. ಫೋನ್ ಮಾಡಿದೆ. ಆ ಕಡೆಯವರು ತಣ್ಣಗೆ, "ಸರ್, ಅದು ಫಾರ್ಮ್ಯಾಟ್. ಆಡಿಟರ್ ಅಷ್ಟೆಲ್ಲ ಓದಲ್ಲ" ಅಂದರು.

ನಾನು ಎರಡನೇ ಕಂತು ನಿಲ್ಲಿಸಿದೆ. ಹಾಗೆ ನಿಲ್ಲಿಸಿದ್ದರಿಂದಲೇ ಅವರು ಮನುಷ್ಯರನ್ನು ಕಳಿಸಿದ್ದು ಅಂತ ನನಗೆ ಈಗಲೂ ಅನುಮಾನ.

ಬಂದವರು ಇಪ್ಪತ್ತಾರು ಇಪ್ಪತ್ತೇಳರ ಹುಡುಗಿ. ಫುಡ್ ಟೆಕ್ನಾಲಜಿ ಓದಿದವರು. ಮಲಯಾಳ ಮನೆಮಾತು, ಕನ್ನಡ ತಡವರಿಸುತ್ತಾ ಆಡುತ್ತಿದ್ದರು, ಮೂರು ದಿನದಲ್ಲಿ ನಮ್ಮ ಹೆಂಗಸರಿಂದ ತುಳುವಿನಲ್ಲಿ ಬೈಗುಳವನ್ನೂ ಕಲಿತುಕೊಂಡು ಹೋದರು. ಈ ರಿವ್ಯೂನ ಮೂರು ಸ್ಟಾರ್ ಅವರದ್ದೇ. ಫೈಲನ್ನು ಬದಿಗಿಟ್ಟು ಮೊದಲು ಕೇಳಿದ್ದು, "ನೀರು ಎಲ್ಲಿಂದ ಬರ್ತದೆ, ತೋರಿಸಿ."

ನೀರು ಸುರಂಗದಿಂದ. ಓದುವವರು ಆಚೆ ಕಡೆಯವರಾದರೆ ಹೇಳಬೇಕು: ನಮ್ಮಲ್ಲಿ ಮುರಕಲ್ಲಿನ ಗುಡ್ಡಕ್ಕೆ ಅಡ್ಡಡ್ಡ ಕೊರೆದು, ಒಳಗೆ ಜಿನುಗುವ ನೀರನ್ನು ಹೊರಗೆ ಹರಿಯಲು ಬಿಡುತ್ತಾರೆ. ಪಂಪ್ ಬೇಡ, ಕರೆಂಟ್ ಬೇಡ. ನಮ್ಮದು ಅಜ್ಜನ ಕಾಲದ್ದು. ಆಕೆ ಟಾರ್ಚ್ ಹಿಡಿದು ಬಗ್ಗಿಕೊಂಡು ಒಳಗೇ ಹೋದರು, ನಾನು ಹಿಂದೆ. ಹತ್ತು ಹೆಜ್ಜೆ ಹೋದ ಮೇಲೆ ಮೇಲಿನಿಂದ ಪಟಪಟ ಅಂತ ಬಾವಲಿ ಹಾರಿದವು. ಹೊರಗೆ ಬಂದು ಕೆಸರು ಒರೆಸಿಕೊಳ್ಳುತ್ತಾ, "ಇದನ್ನು ಫೈಲಲ್ಲಿ ಹೇಗೆ ಬರೆಯೋದು ಸರ್" ಅಂತ ನಕ್ಕರು. ನನಗೆ ಆಗಲೇ ಅನ್ನಿಸಿತು, ಇವರಿಂದ ಕೆಲಸ ಆಗ್ತದೆ.

ಮೂರು ತಲೆಮಾರು ಕುಡಿದ ನೀರು, ಇದಕ್ಕೇನಾಗಿದೆ ಅಂತ ನನ್ನ ವಾದ. ಲ್ಯಾಬ್ ರಿಪೋರ್ಟ್ ಬಂದ ಮೇಲೆ ಬಾಯಿ ಮುಚ್ಚಿತು. ಹುಳಿ ಎಷ್ಟು ಅಂತ ಹೇಳುವ ಪಿಎಚ್ 5.6 (ಸಂಖ್ಯೆ ಇಳಿದಷ್ಟು ಹುಳಿ ಜಾಸ್ತಿ), ಕೋಲಿಫಾರ್ಮ್ ಬ್ಯಾಕ್ಟೀರಿಯಾವೂ ಇದೆ. ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500 ಪ್ರಕಾರ ಪಿಎಚ್ 6.5ರಿಂದ 8.5ರ ಒಳಗಿರಬೇಕು, 100 ಮಿಲಿಯಲ್ಲಿ ಕೋಲಿಫಾರ್ಮ್ ಇರಲೇಬಾರದು. ಮುರಕಲ್ಲು ನೆಲದ ನೀರು ಹುಳಿ ಕಡೆಗೇ ಇರುತ್ತದೆ, ಅದು ನಮ್ಮ ಕೊಳೆ ಅಲ್ಲ ಅಂತ ಆಕೆಯೇ ಸಮಾಧಾನ ಹೇಳಿದರು. ಬಾವಲಿಯದ್ದು ಮಾತ್ರ ನಮ್ಮದೇ ಉದಾಸೀನ. ಸುರಂಗದ ಬಾಯಿಗೆ ಬಲೆ ಹಾಕಿದರೆ ಬಾವಲಿ ಒಳಗೇ ಸಾಯುತ್ತವೆ, ಅದು ಬೇಡ, ನೀರು ಇಳಿಯುವ ಟ್ಯಾಂಕನ್ನು ಪೂರ್ತಿ ಮುಚ್ಚಿ, ಅಲ್ಲಿಂದ ಮುಂದೆ ಸುಣ್ಣಕಲ್ಲಿನ ಚೂರು ತುಂಬಿದ ಫಿಲ್ಟರ್, ಆಮೇಲೆ ಯುವಿ ದೀಪ ಅಂದರು. ಯೂನಿಟ್‌ಗೆ ಹೋಗುವ ಪೈಪಿಗೆ ಮಾತ್ರ. ಮನೆಗೆ ಈಗಲೂ ಹಳೆಯ ನೀರೇ, ಅಮ್ಮ ಬದಲಾಯಿಸಲು ಒಪ್ಪಲಿಲ್ಲ.

ಎರಡನೇ ದಿನ ಬಳೆ ಗಲಾಟೆ. ಒಳಗೆ ಕೆಲಸ ಮಾಡುವಾಗ ಗಾಜಿನ ಬಳೆ, ಹೂ, ಪಿನ್ನು ಇರಬಾರದು. ಎಲ್ಲರಿಗೂ ಗೊತ್ತಿರುವ ನಿಯಮ, ಕಾಗದದಲ್ಲಿ. ಆದರೆ ಮದುವೆಯಾದ ಹೆಂಗಸಿಗೆ ಕೈಬಳೆ ತೆಗೆದಿಡಿ ಅಂತ ಯಾರು ಹೇಳುವುದು? ನಾನಂತೂ ಹಿತ್ತಿಲ ಕಡೆ ಹೋಗಿಬಿಟ್ಟೆ. ನಮ್ಮಲ್ಲಿ ಹಿರಿಯರಾದ ಅಕ್ಕ ಒಬ್ಬರು, "ನನ್ನ ಗಂಡ ಇರುವಾಗ ಬಳೆ ತೆಗೆಯಲು ನೀನು ಯಾರು ಮಗಳೇ" ಅಂತ ಕೇಳಿಯೇ ಬಿಟ್ಟರು. ಈಕೆ ವಾದ ಮಾಡಲಿಲ್ಲ. ಹಲಸಿನ ಸೊಳೆ ಹೆಚ್ಚುವ ಮಣೆಯ ಕೆಳಗೆ ಬಿಳಿ ಬಟ್ಟೆ ಹಾಸಿದರು, ಅರ್ಧ ದಿನ ಬಿಟ್ಟು ಎತ್ತಿ ಬಿಸಿಲಿಗೆ ಹಿಡಿದು ತೋರಿಸಿದರು. ಹಸಿರು ಗಾಜಿನ ಎರಡು ಚೂರು, ಅಕ್ಕಿಕಾಳಿಗಿಂತ ಸಣ್ಣದು. ಜೊತೆಗೆ ಕೂದಲೆಳೆಯಂಥ ಒಂದು ಸ್ಟೀಲ್ ತಂತಿ. ತಂತಿ ಎಲ್ಲಿಂದ ಅಂತ ಹುಡುಕಿದರೆ ಪಾತ್ರೆ ತಿಕ್ಕುವ ಸ್ಟೀಲ್ ಸ್ಕ್ರಬ್ಬರ್! ಆ ಮಧ್ಯಾಹ್ನವೇ ಮನೆಯಲ್ಲಿದ್ದ ಸ್ಕ್ರಬ್ಬರ್ ಎಲ್ಲ ಹೊರಗೆ ಹೋದವು. ಈಗ ನೀಲಿ ಬಣ್ಣದ ನೈಲಾನ್. ಕೈಗವಸು, ಗಾಯದ ಪಟ್ಟಿ ಕೂಡ ನೀಲಿಯೇ, ಯಾಕೆಂದರೆ ನಮ್ಮ ಯಾವ ತಿಂಡಿಯೂ ನೀಲಿ ಇಲ್ಲ, ಬಿದ್ದರೆ ಕಣ್ಣಿಗೆ ಹೊಡೆಯುತ್ತದೆ. ಬಳೆಗೆ ಬಾಗಿಲ ಹೊರಗೆ ಎಂಟು ಗೂಟ, ಪ್ರತಿ ಗೂಟದ ಮೇಲೆ ಹೆಸರು. ಕರಿಮಣಿ ಕೋಟಿನ ಕಾಲರ್ ಒಳಗೆ. ಅಕ್ಕನವರೇ ಈಗ ಹೊಸಬರ ಕೈ ನೋಡಿ ಒಳಗೆ ಬಿಡುವುದು, ನನ್ನ ವಾಚನ್ನೂ ತೆಗೆಸಿದ್ದಾರೆ.

ಗೋಡೆಗೆ ಹಾಕುವ ಸೂಚನೆಗಳನ್ನು ಆಫೀಸಿನವರು ಇಂಗ್ಲಿಷ್ ಮತ್ತು ಮಲಯಾಳದಲ್ಲಿ ಕಳಿಸಿದ್ದರು. ನಮ್ಮ ಎಂಟರಲ್ಲಿ ಆರು ಮಂದಿ ಕನ್ನಡ ಶಾಲೆಯಲ್ಲಿ ಓದಿದವರು. ಕನ್ನಡದಲ್ಲಿ ಕೊಡಿ ಅಂದರೆ "ಅನುವಾದಕ್ಕೆ ಎಕ್ಸ್‌ಟ್ರಾ" ಅಂದರು. ಅರ್ಧ ಸ್ಟಾರ್ ಕಟ್ ಆದದ್ದು ಇಲ್ಲಿ. ನನ್ನ ಹೆಂಡತಿಯೇ ಮಾರ್ಕರ್‌ನಲ್ಲಿ ಬರೆದು ಲ್ಯಾಮಿನೇಷನ್ ಮಾಡಿಸಿದಳು. ಓದಲು ಬಾರದ ಭಾಷೆಯಲ್ಲಿ ಕೈ ತೊಳೆಯಿರಿ ಅಂತ ಬರೆದರೆ ಆಡಿಟರ್ ಮಾತ್ರ ತೊಳೆಯುತ್ತಾನೆ, ಅಲ್ವಾ?

ಉಪ್ಪಿನಕಾಯಿ ವಿಷಯದಲ್ಲಿ ಹೆಂಡತಿ ಮತ್ತು ಈಕೆ ಒಂದೇ ಪಕ್ಷ ಆಗಿಬಿಟ್ಟರು. ಪಿಎಚ್ ಮೀಟರ್ ತಂದಿದ್ದರು. ಮೊದಲು 7ರ ದ್ರಾವಣ, ಆಮೇಲೆ 4ರ ದ್ರಾವಣದಲ್ಲಿ ಅದ್ದಿ ಸರಿಹೊಂದಿಸಿ, ಮಿಡಿಯನ್ನು ರಸದ ಜೊತೆಗೇ ಅರೆದು ಅಳೆದರು: 3.3. ಇಲ್ಲಿ ನೆನಪಿಡಬೇಕಾದ ಸಂಖ್ಯೆ 4.6. ಅದಕ್ಕಿಂತ ಮೇಲೆ ಹೋದರೆ ಮುಚ್ಚಿದ ಬಾಟಲಿಯಲ್ಲಿ ಬಾಟ್ಯುಲಿಸಂ ಅನ್ನುವ ವಿಷಾಹಾರದ ಕಾಯಿಲೆ ತರುವ ಬ್ಯಾಕ್ಟೀರಿಯಾ ಬೆಳೆದು ವಿಷ ಬಿಡಬಹುದು, ಅಮೆರಿಕದ ಕಾನೂನೂ ಇದೇ ಗೆರೆ ಹಿಡಿಯುತ್ತದೆ. ಅಜ್ಜಿಯಂದಿರ ಉಪ್ಪು ಹುಳಿ ಲೆಕ್ಕ ಗೆರೆಯಿಂದ ಬಹಳ ಕೆಳಗಿತ್ತು. ಹೆಂಡತಿ ಆ ದಿನ ನನ್ನನ್ನು ನೋಡಿದ ನೋಟ ಬರೆಯಲು ಆಗುವುದಿಲ್ಲ.

ಆದರೆ ಲೇಬಲ್‌ನಲ್ಲಿ ಅವಳೂ ಸಿಕ್ಕಿಬಿದ್ದಳು. ಅಲರ್ಜಿ ತರುವ ಪದಾರ್ಥ ಯಾವುದೂ ಇಲ್ಲ ಅಂತ ಫೈಲು ಹೇಳಿತ್ತು, ನಾವೂ ನಂಬಿದ್ದೆವು. ಈಕೆ ಅಡುಗೆಮನೆಗೆ ಹೋಗಿ ಇಂಗಿನ ಡಬ್ಬಿ ತಿರುಗಿಸಿ ಹಿಂದೆ ಓದಿದರು. ಅಂಗಡಿಯಲ್ಲಿ ಸಿಗುವ ಇಂಗಿನಲ್ಲಿ ಇಂಗು ಸ್ವಲ್ಪ, ಉಳಿದದ್ದು ಹೆಚ್ಚಾಗಿ ಅಂಟು ಮತ್ತು ಗೋಧಿಹಿಟ್ಟು. ಗೋಧಿ ಅಂದರೆ ಗ್ಲುಟೆನ್, ಅದೂ ಅಲರ್ಜಿ ಪದಾರ್ಥವೇ. ಸಾಸಿವೆ ಕೂಡ ಯುರೋಪಿನವರು ಕಡ್ಡಾಯವಾಗಿ ಹೇಳಬೇಕು ಅನ್ನುವ 14 ಅಲರ್ಜಿ ಪದಾರ್ಥಗಳಲ್ಲಿ ಒಂದು. ಮಿಡಿ ಉಪ್ಪಿನಕಾಯಿ ಅಂದರೆ ಸಾಸಿವೆ ಮತ್ತು ಇಂಗೇ ಅಲ್ವಾ! ಇಷ್ಟು ವರ್ಷ ಮಾಡುತ್ತಿದ್ದೇವೆ, ಒಬ್ಬರೂ ಆ ಡಬ್ಬಿಯ ಹಿಂಬದಿ ಓದಿರಲಿಲ್ಲ. ಗಲ್ಫಿಗೆ ಬೇರೆ ಕಥೆ: ಲೇಬಲ್ ಅರಬಿಯಲ್ಲೂ ಇರಬೇಕು, ತಯಾರಿಸಿದ ಮತ್ತು ಮುಗಿಯುವ ದಿನಾಂಕ ಪ್ಯಾಕೆಟ್ ಮೇಲೆಯೇ ಅಚ್ಚಾಗಿರಬೇಕು, ಆಮೇಲೆ ಸ್ಟಿಕ್ಕರ್ ಅಂಟಿಸಿದರೆ ನಡೆಯುವುದಿಲ್ಲ. ನಾವು ಮೊದಲೇ 5,000 ಕವರ್ ಪ್ರಿಂಟ್ ಹಾಕಿಸಿದ್ದೆವು. ಈಗಲೂ ಅಟ್ಟದ ಮೇಲೆ ಇವೆ, ಯಾರಿಗಾದರೂ ಗೇರುಬೀಜ ಹಾಕಲು ಬೇಕಾದರೆ ಹೇಳಿ.

ಸೋಂಟೆಯ ಬಾಳಿಕೆ 12 ತಿಂಗಳು ಅಂತ ಫೈಲಿನಲ್ಲಿತ್ತು. ತೆಂಗಿನೆಣ್ಣೆಯಲ್ಲಿ ಕರಿದದ್ದಕ್ಕೆ 12 ತಿಂಗಳು ಯಾರು ಹೇಳಿದ್ದು ಅಂತ ಈಕೆಯೇ ಆಫೀಸಿಗೆ ಫೋನ್ ಮಾಡಿ ಜಗಳ ಮಾಡಿದರು. ಹಂಚಿನ ಕೆಳಗಿನ ಸೆಕೆ ಕೋಣೆಯಲ್ಲಿ ಪ್ಯಾಕೆಟ್ ಇಟ್ಟು ವಾರಕ್ಕೊಂದು ಒಡೆದು ಮೂಸಿ, ತಿಂದು, ಬರೆದಿಡಲು ಹೇಳಿದರು, ನಡುನಡುವೆ ಲ್ಯಾಬಿಗೂ ಕಳಿಸಿದೆವು. ಕಮಟು ವಾಸನೆ ಶುರುವಾದ ವಾರ ನೋಡಿಕೊಂಡು, ಅದಕ್ಕಿಂತ ಸಾಕಷ್ಟು ಹಿಂದೆ ಬಂದು ನಾಲ್ಕು ತಿಂಗಳು ಅಂತ ನಿಂತೆವು, ಅದೂ ನೈಟ್ರೋಜನ್ ತುಂಬಿ. ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಬಳಸುವುದಕ್ಕೂ ಮಿತಿ ಇದೆ, ಎಣ್ಣೆ ಕೆಟ್ಟ ಹಾಗೆ ಹೆಚ್ಚುವ ಪೋಲಾರ್ ಕಾಂಪೌಂಡ್ ಅಂತ ಅಳೆಯುತ್ತಾರೆ, 25 ಪರ್ಸೆಂಟ್ ದಾಟಿದರೆ ಚೆಲ್ಲಬೇಕು. ಇದು ಹೊರದೇಶದ ನಿಯಮ ಅಲ್ಲ, ನಮ್ಮ ಎಫ್‌ಎಸ್‌ಎಸ್‌ಎಐಯದ್ದೇ, 2018ರಿಂದ ಇದೆ. ಪೇಟೆಯ ಬಜ್ಜಿ ಅಂಗಡಿ ನೆನಪಾಗಿ ಸುಮ್ಮನಾದೆ.

ಇನ್ನು ಒಂದು ವಿಷಯ, ಇದನ್ನು ಹಗುರವಾಗಿ ಬರೆಯಲು ಆಗುವುದಿಲ್ಲ. ದೋಹಾದ ಅಂಗಡಿಯವರು ಊರು ಕಾಸರಗೋಡು ಅಂತ ನೋಡಿದ ಕೂಡಲೇ ಕೀಟನಾಶಕದ ರಿಪೋರ್ಟ್ ಬೇಕು ಅಂದರು. ಅವರಿಗೂ ಗೊತ್ತು. ಎಣ್ಮಕಜೆ, ಪಡ್ರೆ, ಸ್ವರ್ಗ ಅಂದರೆ ಎಂಡೋಸಲ್ಫಾನ್. ಗೇರು ತೋಟಕ್ಕೆ 2000ದವರೆಗೂ ಹೆಲಿಕಾಪ್ಟರ್‌ನಿಂದ ಹೊಡೆದದ್ದು ನಮ್ಮ ತಲೆಯ ಮೇಲೆಯೇ. ಸುಪ್ರೀಂ ಕೋರ್ಟ್ ದೇಶಕ್ಕೇ ನಿಷೇಧ ಹಾಕಿದ್ದು 2011ರಲ್ಲಿ. ನಮ್ಮ ಬೀದಿಯಲ್ಲೇ ಅದರ ಲೆಕ್ಕ ಇನ್ನೂ ಮುಗಿಯದ ಮನೆಗಳಿವೆ. ಸೋಂಟೆ ಮಾರಲು ಹೋಗಿ ಈ ಪ್ರಶ್ನೆ ಎದುರಾಗ್ತದೆ ಅಂತ ನಾನು ಎಣಿಸಿರಲಿಲ್ಲ.

ಲ್ಯಾಬ್ ಆರಿಸುವಾಗ ಈಕೆ ಹೇಳಿದ ಒಂದು ಮಾತು ಹಣ ಉಳಿಸಿತು: ಲ್ಯಾಬುಗಳಿಗೆ ಮಾನ್ಯತೆ ಕೊಡುವ ಎನ್‌ಎಬಿಎಲ್‌ನ ಗುರುತು ಇದ್ದರೆ ಸಾಲದು, ನಮಗೆ ಬೇಕಾದ ಟೆಸ್ಟ್ ಆ ಲ್ಯಾಬಿನ ಸ್ಕೋಪ್‌ನಲ್ಲಿ, ಅಂದರೆ ಮಾನ್ಯತೆ ಸಿಕ್ಕ ಟೆಸ್ಟುಗಳ ಪಟ್ಟಿಯಲ್ಲಿ, ಇದೆಯಾ ನೋಡಬೇಕು. ಸ್ಕೋಪ್‌ನಲ್ಲಿ ಇಲ್ಲದ ಟೆಸ್ಟಿನ ರಿಪೋರ್ಟ್ ಖರೀದಿದಾರರು ಒಪ್ಪದೇ ಹೋಗಬಹುದು. ಸ್ಯಾಂಪಲ್ ಕಳಿಸುವ ಮೊದಲು ಇನ್ನೊಂದು ಪ್ರಶ್ನೆ ಕೇಳಿದರು, "ಅಡಿಕೆಗೆ ಮದ್ದು ಬಿಡ್ತೀರಾ?" ಬಿಡದೆ ಇರ್ತೇವಾ? ಕೊಳೆರೋಗಕ್ಕೆ ಮಳೆ ಹಿಡಿಯುವ ಮೊದಲು ಬೋರ್ಡೋ, 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಹಲಸಿನ ಮರ ಇರುವುದು ತೋಟದ ಬದಿಯಲ್ಲೇ. ಗಾಳಿಗೆ ಅದರ ಮೇಲೆ ಬೀಳ್ತದಲ್ಲ, ಮೈಲುತುತ್ತಿನ ತಾಮ್ರ ಅಂದರು. ನಾವು ಹಲಸಿಗೆ ಏನೂ ಹೊಡೆಯುವುದಿಲ್ಲ ಅಂತ ಎದೆ ತಟ್ಟಿ ಹೇಳುತ್ತಿದ್ದವನು, ಪಕ್ಕದ ಅಡಿಕೆಯನ್ನು ಮರೆತೇಬಿಟ್ಟಿದ್ದೆ. ಈಗ ಮರಗಳಿಗೆ ನಂಬರ್ ಹಾಕಿದ್ದೇವೆ. ಮದ್ದು ಬಿಟ್ಟ ಮೇಲೆ ತೋಟದ ಬದಿಯ ಮರದ ಕಾಯಿ ಯೂನಿಟ್‌ಗೆ ತರುವುದಿಲ್ಲ, ಮನೆಯವರಿಗೂ ದನಕ್ಕೂ ಮಾತ್ರ, ಚೆನ್ನಾಗಿ ತೊಳೆದು.

ರಿಪೋರ್ಟ್ ಬಂದಾಗ ಪುಟಗಟ್ಟಲೆ ಕೀಟನಾಶಕಗಳ ಹೆಸರು, ಪ್ರತಿಯೊಂದರ ಮುಂದೆ ಬಿಎಲ್‌ಕ್ಯು, ಅಂದರೆ ಅಳೆಯುವ ಮಟ್ಟಕ್ಕಿಂತ ಕೆಳಗೆ. ಎಂಡೋಸಲ್ಫಾನ್ ಅಂತ ಬರೆದ ಸಾಲುಗಳನ್ನು ಬೆರಳಿಟ್ಟು ಓದಿದೆ. ಅಮ್ಮನಿಗೂ ಓದಿ ಹೇಳಿದೆ. ಅವರು ಏನೂ ಹೇಳಲಿಲ್ಲ, ಕಾಗದವನ್ನು ದೇವರ ಕೋಣೆಯಲ್ಲಿ ಇಡು ಅಂದರು. ಆಡಿಟ್ ಫೈಲಿನಲ್ಲಿ ಇರುವುದು ಜೆರಾಕ್ಸ್.

ಆಡಿಟ್ ಬಗ್ಗೆ ಸ್ವಲ್ಪವೇ ಹೇಳುತ್ತೇನೆ. ಸಲಹೆ ಕೊಡುವ ಕಂಪನಿಯೇ ಸರ್ಟಿಫಿಕೇಟ್ ಕೊಡುವ ಹಾಗಿಲ್ಲ, ಅದಕ್ಕೆ ಮಾನ್ಯತೆ ಇರುವ ಬೇರೆ ಸಂಸ್ಥೆಯೇ ಬರಬೇಕು. "ಏಳು ದಿನದಲ್ಲಿ ಹ್ಯಾಸಪ್, ಗ್ಯಾರಂಟಿ" ಅಂತ ವಾಟ್ಸಾಪ್‌ನಲ್ಲಿ ಬರುವವರ ಹತ್ತಿರ ಈ ಒಂದು ಪ್ರಶ್ನೆ ಕೇಳಿ ನೋಡಿ, ಅರ್ಧ ಜನ ಫೋನ್ ಇಡುತ್ತಾರೆ. ನಮ್ಮಲ್ಲಿಗೆ ಬಂದ ಆಡಿಟರ್ ಫೈಲು ಪೂರ್ತಿ ಓದುವ ಪೈಕಿ, ದಪ್ಪ ಕನ್ನಡಕ. ಅಷ್ಟರಲ್ಲಿ ಹುಡುಗಿ 212 ಪುಟವನ್ನು 60ಕ್ಕೆ ಇಳಿಸಿ, ಹನ್ನೊಂದು ಸಿಸಿಪಿಯನ್ನು ಮೂರಕ್ಕೆ ತಂದಿದ್ದರು. ಆತ ಕಪಾಟಿನಿಂದ ಒಂದು ಪ್ಯಾಕೆಟ್ ಎತ್ತಿ ಮೇಜಿನ ಮೇಲಿಟ್ಟು, "ಇದರ ಹಲಸು ಯಾವ ಮರದ್ದು?" ಅಂತ ಕೇಳಿ ಗಡಿಯಾರ ನೋಡಿದರು. ಲಾಟ್ ನಂಬರ್‌ನಿಂದ ಕರಿದ ದಿನದ ಪುಸ್ತಕ, ಅಲ್ಲಿಂದ ಎಣ್ಣೆ ಡಬ್ಬಿಯ ಬಿಲ್ಲು, ಉಪ್ಪಿನ ಬಿಲ್ಲು, ಕಾಯಿ ಕೊಯ್ದ ದಿನ. ನಲವತ್ತು ನಿಮಿಷ. 7ನೇ ಮತ್ತು 12ನೇ ಮರ. 12ನೇದನ್ನು ಹೋಗಿ ನೋಡಿಯೂ ಬಂದರು, ಮೇಣ ಅಂಟಿದ ಪ್ಯಾಂಟಿನಲ್ಲಿ ವಾಪಸ್ ಬಂದಾಗ ಅಕ್ಕನವರು ತೆಂಗಿನೆಣ್ಣೆ ಕೊಟ್ಟರು. ಹಪ್ಪಳವನ್ನು ಅಂಗಳದಲ್ಲಿ ಚಾಪೆ ಹಾಸಿ ಒಣಗಿಸುವುದಕ್ಕೆ ಮಾತ್ರ ಒಪ್ಪಲಿಲ್ಲ. ಸೋಲಾರ್ ಡ್ರೈಯರ್ ಬರುವ ತನಕ ಹಪ್ಪಳ ಹೊರದೇಶಕ್ಕಿಲ್ಲ. ನ್ಯಾಯವೇ, ನಮ್ಮ ಅಂಗಳದಲ್ಲಿ ಕೋಳಿಗಳೂ ಇವೆ.

ಸೋಂಟೆ, ಉಪ್ಪಿನಕಾಯಿ ಕೊಚ್ಚಿಯಿಂದ ಹಡಗಿನಲ್ಲಿ, ಬೇರೆಯವರ ಸರಕಿನ ಜೊತೆ ಸೇರಿಸಿ ಎರಡು ಸಲ ಹೋಗಿವೆ. ಎರಡೂ ಸಲ ತಕರಾರಿಲ್ಲದೆ ಬಿಡುಗಡೆ ಆಗಿದೆ. ಲಾಭ ಕೇಳಬೇಡಿ, ಯುವಿ ದೀಪದ ಸಾಲ ಇನ್ನೂ ಇದೆ.

ಹಾಗಾದರೆ ಈ ಕನ್ಸಲ್ಟೆನ್ಸಿ ತೆಗೆದುಕೊಳ್ಳಬಹುದಾ? ತೆಗೆದುಕೊಳ್ಳಿ, ಆದರೆ ಯಾರು ಬರುತ್ತಾರೆ, ಎಷ್ಟು ದಿನ ಕೂರುತ್ತಾರೆ ಅಂತ ಬರೆಸಿಕೊಂಡು ಮೊದಲ ಕಂತು ಕೊಡಿ. ಆಫೀಸಿನಿಂದ ಬರುವ ಮೇಲ್‌ಗಳಿಗೆ ಕಿವಿ ಕೊಡಬೇಡಿ. ನನಗೆ ನಡುವೆ ಒಂದು ಬಂತು, "ಅಮೆರಿಕಕ್ಕೆ ಎಫ್‌ಡಿಎ ಸರ್ಟಿಫಿಕೇಟ್, ವರ್ಷಕ್ಕೆ 18,000 ಮಾತ್ರ" ಅಂತ. ಎಫ್‌ಡಿಎ, ಅಂದರೆ ಅಲ್ಲಿನ ಆಹಾರ ಮತ್ತು ಔಷಧ ಇಲಾಖೆ, ಅಂಥ ಸರ್ಟಿಫಿಕೇಟನ್ನೇ ಕೊಡುವುದಿಲ್ಲ. ಯೂನಿಟ್ ರಿಜಿಸ್ಟ್ರೇಷನ್ ಫ್ರೀ, ಎರಡು ವರ್ಷಕ್ಕೊಮ್ಮೆ ನವೀಕರಿಸಬೇಕು. ಅಲ್ಲಿ ಒಬ್ಬ ಏಜೆಂಟ್ ಬೇಕು, ಅವರ ಫೀಸು ಬೇರೆ, ಅಷ್ಟೇ. ಹುಡುಗಿಯ ಹತ್ತಿರ ಕೇಳಿದರೆ, "ಸರ್, ಆ ಮೇಲ್ ನೋಡಿಲ್ಲ ಅಂತ ಇಟ್ಕೊಳ್ಳಿ" ಅಂದರು.

ಕಳೆದ ವಾರ ಮುಂದಿನ ವರ್ಷದ ಕೊಟೇಶನ್ ಬಂತು, ಜೊತೆಗೆ ಹೊಸ ಫೈಲು. ಮೂರನೇ ಪುಟ ತೆಗೆದೆ. ಮತ್ತೆ ಅದೇ ಮಾವಿನ ತಿರುಳಿನ ಫ್ಯಾಕ್ಟರಿ, ಅದೇ ಮುನ್ಸಿಪಾಲಿಟಿ ನೀರು. ಕೆಂಪು ಪೆನ್ನಿನಲ್ಲಿ ಗೀಟು ಎಳೆದು, ಪಕ್ಕದಲ್ಲಿ ಸುರಂಗದ ಚಿತ್ರ ಬಿಡಿಸಿ, ಬಾವಲಿಯನ್ನೂ ಸೇರಿಸಿ, ಹಾಗೇ ವಾಪಸ್ ಕಳಿಸಿದ್ದೇನೆ.